ವಿರೂಪಾಕ್ಷಪ್ಪನವರ ತಾಟು

ಊಟಕ್ಕೆ ಕೂತ ಗಂಡನನ್ನು ಎದುರಿನಿಂದ ನೋಡುವ ಪ್ರಸಂಗ ರಾಜೇಶ್ವರಿಗೆ ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ಬಂದಿರಲೇ ಇಲ್ಲ. ಅದು ಬಂದದ್ದು ಇಟಲಿಯಲ್ಲಿ. ಬಾರದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವವರು ಬೈಲಹೊಂಗಲದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಒಬ್ಬರೂ ವಿರೂಪಾಕ್ಷಪ್ಪನವರ ಎದುರಿಗೆ ಕೂತು ಉಂಡವರಲ್ಲ.

ವಿರೂಪಾಕ್ಷಪ್ಪನವರದು ಪೇಟೆಯಲ್ಲಿ ಬೀಜ, ಗೊಬ್ಬರ ಮತ್ತು ಎಣ್ಣೆಯ ಅಂಗಡಿ. ಎಣ್ಣೆ ಅಂದರೆ ಒಗ್ಗರಣೆಯದಲ್ಲ, ಹತ್ತಿಯ ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ಕಡೆಯ ರೈತರು ಹೇಳುವ ಹೆಸರು. ಮನುಷ್ಯ ಕೆಟ್ಟವರಲ್ಲ. ತೂಕದಲ್ಲಿ ಮೋಸವಿಲ್ಲ, ಕುಡಿತವಿಲ್ಲ, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಹೀಗಾಗಿ ರಾಜೇಶ್ವರಿಗೆ ದೂರಲಿಕ್ಕೆ ಬಾಯಿ ಇರಲಿಲ್ಲ. ತವರಿಗೆ ಹೋದಾಗ ಅವ್ವ "ಹ್ಯಾಂಗ ಅದಿ?" ಎಂದು ಕೇಳಿದರೆ "ಚಲೋ ಅದೇನಿ" ಎನ್ನುವುದು, ರೊಟ್ಟಿ ಬಡಿಯಲು ಕೂರುವುದು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಜಮಾನ ಪಡಸಾಲೆಯಲ್ಲಿ ದೇವರ ಕೋಣೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕೂರಬೇಕು, ಹೆಂಡತಿ ಹಿಂದಿನಿಂದ ಬಂದು ಬಗ್ಗಿ ನೀಡಬೇಕು. ಉಂಡಾದ ಮೇಲೆ ಅವರು ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆಯುವರು. ತಾಟಿನಲ್ಲೇ ತೊಳೆಯುವಂತಿರಲಿಲ್ಲ, ಯಾಕೆಂದರೆ ನೀರು ಬಿದ್ದ ತಾಟಿನಲ್ಲಿ ಮತ್ತೊಬ್ಬರು ಉಣ್ಣಲು ಬರುವುದಿಲ್ಲ, ಮತ್ತು ಆ ತಾಟಿನಲ್ಲಿ ಮತ್ತೊಬ್ಬಳು ಉಣ್ಣುವುದಿತ್ತು. ಅತ್ತೆ ಗುರವ್ವ ಅದನ್ನು ಸರ್ರನೆ ಸೊಸೆಯ ಮುಂದೆ ಸರಿಸುತ್ತಿದ್ದಳು. ಅದರಲ್ಲಿ ಉಳಿದದ್ದರ ಮೇಲೆಯೇ ತನ್ನ ರೊಟ್ಟಿ, ಪಲ್ಯ ಹಾಕಿಕೊಂಡು ರಾಜೇಶ್ವರಿ ಉಣ್ಣಬೇಕು.

ರಾಜೇಶ್ವರಿ ಕಟಕೋಳದ ಹುಡುಗಿ. ಅಲ್ಲಿ ಅವಳ ಅಪ್ಪ ನಿಜಗುಣಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳದೇ ಒಂದು ಸಣ್ಣ ತಾಟಿಟ್ಟು ಉಣ್ಣಿಸಿ ಬೆಳೆಸಿದವನು. ಗಂಡನ ಮನೆಯ ಮೊದಲ ಊಟದಲ್ಲಿ ಅವಳ ಮುಂದೆ ಬಂದ ತಾಟಿನ ಅಂಚಿನಲ್ಲಿ ಜಗಿದಿಟ್ಟ ನುಗ್ಗೆಕಾಯಿ ಇತ್ತು, ನಡುವೆ ಕಲಸಿದ ಮೊಸರನ್ನದಲ್ಲಿ ನಾಲ್ಕು ಬೆರಳಿನ ಗೆರೆ ಹಾಗೇ ಉಳಿದಿದ್ದವು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ತಲೆ ಎತ್ತಿದರೆ ಗುರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಉಣ್ಣವಾ. ಗಂಡನ ತಾಟು ಅದು, ನಾಯಿ ತಾಟಲ್ಲ."

ಉಂಡಳು. ಮುಂದೆ ಒಂದು ಯುಕ್ತಿಯನ್ನೂ ಕಲಿತಳು. ತಾಟು ಬಂದ ಕೂಡಲೇ ನೋಡದೆ ಮೇಲೊಂದು ರೊಟ್ಟಿ ಮುಚ್ಚಿಬಿಡುವುದು, ಅದರ ಮೇಲೆ ಪಲ್ಯ ಹಾಕಿಕೊಳ್ಳುವುದು, ಕಣ್ಣು ಗೋಡೆಯ ಮೇಲಿಟ್ಟು ಬೇಗ ಬೇಗ ನುಂಗುವುದು. ಎರಡು ಹೆಣ್ಣುಮಕ್ಕಳಾದವು, ಬೆಳೆದವು, ಒಬ್ಬಳನ್ನು ರಾಮದುರ್ಗಕ್ಕೂ ಒಬ್ಬಳನ್ನು ಸವದತ್ತಿಗೂ ಕೊಟ್ಟದ್ದಾಯಿತು. ಇಷ್ಟರಲ್ಲಿ ಹೇಸಿಗೆ ಎಲ್ಲೋ ಅಡಗಿ ಕೂತಿತು. ಹೋಯಿತು ಎಂದೇ ಅವಳು ತಿಳಿದಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ, ಎಣ್ಣೆಯ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಇಟಲಿಗೆ ಕರೆದುಕೊಂಡು ಹೋಗುತ್ತೇನೆಂದಿತು. ಒಂದೇ ಕರಾರು, ಗಂಡ ಹೆಂಡತಿ ಜೋಡಿಯಾಗಿ ಬರಬೇಕು. ವಿರೂಪಾಕ್ಷಪ್ಪನವರಿಗೆ ಗೆಳೆಯರ ಜೊತೆ ಹೋಗುವ ಮನಸ್ಸಿತ್ತು, ಆದರೆ ಪುಕ್ಕಟೆ ಸಿಕ್ಕದ್ದನ್ನು ಬಿಡುವ ಪೈಕಿ ಅಲ್ಲ. ಗುರವ್ವ ಒಣ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಕೊಟ್ಟಳು. ಕಿತ್ತೂರಿನ ಹೈವೇದಲ್ಲಿ ನಿಂತು ಮುಂಬೈ ಬಸ್ಸು ಹತ್ತಿದರು. ರಾಜೇಶ್ವರಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಅದರ ಮೇಲೆ ಮಗಳು ಕೊಟ್ಟ ಸ್ವೆಟರ್. ಖುಷಿಯಾಗಿಯೇ ಹೊರಟಳು.

ಖುಷಿ ರೋಮಿನ ವಿಮಾನ ನಿಲ್ದಾಣದ ಪಾಯಖಾನೆಯವರೆಗೆ ಬಾಳಿತು. ಅಲ್ಲಿ ನೀರಿರಲಿಲ್ಲ, ಕಾಗದದ ಸುರುಳಿ ಇತ್ತು. ಇಷ್ಟು ದೊಡ್ಡ ದೇಶ, ಇಷ್ಟು ಬೆಳ್ಳಗಿನ ಜನ, ತೊಳೆದುಕೊಳ್ಳದೆ ಒರೆಸಿಕೊಂಡು ಸೆಂಟು ಹೊಡೆದುಕೊಂಡು ತಿರುಗುತ್ತಾರೆ ಎಂಬುದು ತಿಳಿದ ಮೇಲೆ ಅವಳಿಗೆ ಅಲ್ಲಿಯ ಯಾವ ಚೆಲುವಿನ ಮೇಲೂ ನಂಬಿಕೆ ಬರಲಿಲ್ಲ. ಅಂದಿನಿಂದ ಬಿಸ್ಲೇರಿ ಬಾಟಲಿಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡೇ ತಿರುಗಿದಳು.

ಅಂದು ಸಂಜೆ ಹೋಟೆಲಿನಲ್ಲಿ ನಾಲ್ವರಿಗೊಂದು ಟೇಬಲ್ಲು. ಇವರಿಬ್ಬರ ಜೊತೆ ಸವದತ್ತಿಯ ಅಂಗಡಿಯ ಸುಭಾಸ ಮತ್ತು ಅವನ ಹೆಂಡತಿ ಮೀನಾ ಕೂತರು. ವಯಸ್ಸಿನಲ್ಲಿ ಸಣ್ಣವರು, ಒಂದೇ ಸಮನೆ ಜಗಳಾಡುತ್ತ ಒಂದೇ ಸಮನೆ ಉಣ್ಣುವ ಜೋಡಿ. ಎಲ್ಲರ ಮುಂದೂ ಬಿಳಿ ತಾಟು ಬಂತು, ಅದರಲ್ಲಿ ಕೆಂಪು ಸಾರಿನ ದಪ್ಪ ಶಾವಿಗೆ. ಮೂವರೂ ತಿನ್ನತೊಡಗಿದರು. ರಾಜೇಶ್ವರಿ ಕೈ ಮಡಿಲಲ್ಲಿಟ್ಟುಕೊಂಡು ಗೋಡೆಯ ಚಿತ್ರ ನೋಡುತ್ತ ಕೂತಳು.

"ಯಾಕ ಅಕ್ಕಾರ, ಉಣವಲ್ರಿ?" ಎಂದಳು ಮೀನಾ.

"ಅವರದ ಆಗಲಿ."

ಅವರದು ಆಯಿತು. ಎದ್ದು ಕೈ ತೊಳೆಯಲು ಹೋದರು. ರಾಜೇಶ್ವರಿ ಅವರ ತಾಟಿಗೆ ಕೈ ಚಾಚುವಷ್ಟರಲ್ಲಿ ಬಡಿಸುವವನು ಬಂದು ಅದನ್ನು ಎತ್ತಿಕೊಂಡ. ಅವಳ ಮುಂದಿದ್ದ ತಾಟು ಮುಟ್ಟದೇ ಇದ್ದದ್ದನ್ನು ನೋಡಿ, ಏನೋ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅದನ್ನೂ ಎತ್ತಿಕೊಂಡು ಹೋದ. ಐಸ್ ಕ್ರೀಮ್ ಬಂತು, ಗಂಡ ತಿನ್ನಲಿ ಎಂದು ಕಾದಳು, ಕರಗಿತು, ಅದನ್ನೂ ಒಯ್ದರು. ರೂಮಿಗೆ ಹೋಗಿ ಒಣ ರೊಟ್ಟಿ ಮುರಿದು ಚಟ್ನಿಯಲ್ಲಿ ಅದ್ದಿ ತಿಂದಳು.

ಮರುದಿನದ ನಾಷ್ಟಾದಲ್ಲೂ ಹೀಗೇ ಆಯಿತು. ಮಧ್ಯಾಹ್ನ ಒಡೆದು ಬಿದ್ದ ದೊಡ್ಡ ದುಂಡು ಕಟ್ಟಡದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ರಾಜೇಶ್ವರಿಗೆ ಕಣ್ಣು ಕತ್ತಲೆ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕುಸಿದಳು. ಟೂರಿನ ಜೊತೆ ಬಂದಿದ್ದ ಪುಣೆಯ ಹುಡುಗಿ ಓಡಿ ಬಂದಳು. ಮೀನಾ ಆಕೆಗೆ ಎಲ್ಲ ಹೇಳಿದಳು. ಆ ಹುಡುಗಿ ವಿರೂಪಾಕ್ಷಪ್ಪನವರನ್ನು ಮರಾಠಿಯಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಇವರು ನಕ್ಕರು. ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಆಕಿಗೆ ರೂಢಿ ಆಗೇತ್ರಿ ಬಾಯಾರ, ನಾ ಏನ ಹೇಳಿಲ್ಲ," ಎಂದು ಹೆಂಡತಿಯ ಕಡೆ ತಿರುಗಿದರು. "ಇಲ್ಲೆ ನೀ ನಿನ್ನ ತಾಟಿನಾಗ ಉಣ್ಣ. ಊರಿಗೆ ಹ್ವಾದ ಮ್ಯಾಲ ಇದ್ದದ್ದ ಐತಿ."

ಹೀಗೆ ರಾಜೇಶ್ವರಿಗೆ ಪರವಾನಗಿ ಸಿಕ್ಕಿತು. ಆ ಸಂಜೆ ಅವಳ ಮುಂದೆ ಬಂದ ತಾಟನ್ನು ಅವಳು ಬಹಳ ಹೊತ್ತು ನೋಡಿದಳು. ಬೆಳ್ಳಗಿತ್ತು. ಯಾರ ಬೆರಳಿನ ಗೆರೆಯೂ ಇರಲಿಲ್ಲ. ಅದರಲ್ಲಿದ್ದದ್ದು ಬಾಯಿಗಿಡುವಂಥದ್ದಲ್ಲ, ಅದು ಬೇರೆ ಮಾತು. ಹಸಿ ಸೊಪ್ಪಿಗೆ ಹುಳಿ ನೀರು ಹನಿಸಿ ಆಡಿಗೆ ಮೇವು ಹಾಕಿದಂತೆ ಹಾಕಿದ್ದರು. ಕಪ್ಪು ಕಾಯಿಗಳು ಬೇವಿನ ಹಣ್ಣು ಉಪ್ಪಿನಲ್ಲಿಟ್ಟ ಹಾಗೆ ಕಹಿ. ಚೀಜಿನ ವಾಸನೆ ಮಳೆಯಲ್ಲಿ ನೆನೆದ ಗೋಣಿಚೀಲದ್ದು. ಆದರೂ ಒಂದೊಂದೇ ತುತ್ತು, ಕಣ್ಣು ಗೋಡೆಗಿಡದೆ, ತಾಟನ್ನು ನೋಡಿಕೊಂಡೇ ಉಂಡಳು. ಅಪ್ಪನ ತಾಟಿನ ಪಕ್ಕ ಇರುತ್ತಿದ್ದ ತನ್ನ ಸಣ್ಣ ತಾಟು ನೆನಪಾಗಿ ಮನಸ್ಸು ಹಿಗ್ಗಿತು. ಆ ಹಿಗ್ಗಿನಲ್ಲೇ ತಲೆ ಎತ್ತಿ ಎದುರಿಗಿದ್ದ ಗಂಡನನ್ನು ನೋಡಿದಳು.

ವಿರೂಪಾಕ್ಷಪ್ಪನವರು ಚಮಚ ಬಿಟ್ಟು ಕೈ ಹಚ್ಚಿದ್ದರು. ಕೈ ಹಚ್ಚುವುದು ತಪ್ಪಲ್ಲ, ಅವಳೂ ಹಚ್ಚಿದ್ದಳು. ಆದರೆ ಇವರು ಶಾವಿಗೆಯನ್ನು ಹಿಡಿಗಟ್ಟಲೆ ಬಾಯಿಗೆ ತುರುಕಿ, ಹೊರಗೆ ಉಳಿದದ್ದನ್ನು ಸೊರ್ರೆಂದು ಎಳೆದುಕೊಳ್ಳುತ್ತಿದ್ದರು. ಕೆಂಪು ಸಾರು ಮುಂಗೈಯವರೆಗೆ ಇಳಿದಿತ್ತು, ನಾಲಿಗೆ ಚಾಚಿ ಅದನ್ನು ನೆಕ್ಕಿದರು. ತುಂಬಿದ ಬಾಯಿ ತೆರೆದೇ ಸುಭಾಸನಿಗೆ ಯೂರಿಯಾದ ಸುದ್ದಿ ಹೇಳಿದರು. ಎಡಗಡೆಯ ದವಡೆಯ ಹಲ್ಲು ಹುಳುಕಾಗಿತ್ತು, ಆ ಕಡೆ ಸಿಕ್ಕದ್ದನ್ನು ನಾಲಿಗೆಯಿಂದ ಒತ್ತಿ ಮುಂದೆ ತಂದು, ಎರಡು ಬೆರಳಿನಿಂದ ತೆಗೆದು, ತಾಟಿನ ಅಂಚಿಗೆ ಅಂಟಿಸಿದರು. ಇನ್ನೊಂದು ಸಲ. ಮತ್ತೊಂದು ಸಲ. ಸಣ್ಣ ಸಣ್ಣ ಮೆತ್ತಗಿನ ಉಂಡೆಗಳು.

ಆ ಉಂಡೆಗಳು ರಾಜೇಶ್ವರಿಗೆ ಗೊತ್ತಿದ್ದವು. ನೋಡದೆ ಉಂಡರೂ ದಿನಾ ತಾಟಿನ ಅಂಚಿನಲ್ಲಿ ಬೆರಳಿಗೆ ಸಿಗುತ್ತಿದ್ದವು. ರೊಟ್ಟಿಯ ಚೂರು ಸಾರಿನಲ್ಲಿ ನೆನೆದು ಮೆತ್ತಗಾಗಿದೆ ಎಂದುಕೊಂಡಿದ್ದಳು. ಅನ್ನವನ್ನು ಚೆಲ್ಲಬಾರದು ಎಂದು ಅವನ್ನೂ ಒರೆಸಿ, ತನ್ನ ತುತ್ತಿನೊಳಗೆ ಕಲಸಿಕೊಂಡು ಇಪ್ಪತ್ತಮೂರು ವರ್ಷ ತಿಂದಿದ್ದಳು.

ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟಳು. ಅಂದು ಮತ್ತೆ ಏನೂ ಇಳಿಯಲಿಲ್ಲ.

ಆಮೇಲೆ ಅವಳು ಇಟಲಿಯನ್ನು ನೋಡಲಿಲ್ಲ, ಗಂಡನ ಬಾಯಿಯನ್ನು ನೋಡಿದಳು. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲೇ ಹೋಗುತ್ತಿತ್ತು. ಪೋಪರ ಅರಮನೆಯಲ್ಲಿ ಬಸ್ಸಿನ ಮಂದಿಯೆಲ್ಲ ಕುತ್ತಿಗೆ ಎತ್ತಿ ಛಾವಣಿಯ ಚಿತ್ರಗಳನ್ನು ನೋಡುತ್ತಿದ್ದರೆ, ಇವಳು ಬಾಯಿ ತೆರೆದು ಮೇಲೆ ನೋಡುತ್ತಿದ್ದ ಗಂಡನ ಹುಳುಕು ಹಲ್ಲನ್ನು ನೋಡಿ ಮುಖ ತಿರುಗಿಸಿದಳು. ವಾಲಿದ ಗೋಪುರದ ಊರಿನಲ್ಲಿ ಎಲ್ಲರೂ ಗೋಪುರವನ್ನು ಕೈಯಿಂದ ಎತ್ತಿ ಹಿಡಿದಂತೆ ಫೋಟೊ ತೆಗೆಸಿಕೊಂಡರು. ವಿರೂಪಾಕ್ಷಪ್ಪನವರು ಅಲ್ಲಿ ನಿಂತು ದೊಡ್ಡದಾಗಿ ತೇಗಿದರು, ಆಮೇಲೆ ಅವಳ ಹೆಗಲ ಮೇಲೆ ಕೈ ಹಾಕಿದರು. ಅವಳು ಹೆಗಲು ಜಾರಿಸಿಕೊಂಡು ಪಕ್ಕಕ್ಕೆ ಸರಿದಳು. ಬಸ್ಸಿನಲ್ಲಿ ಬೇರೆ, ಬಿಚ್ಚಿಟ್ಟ ಬೂಟುಗಳ ವಾಸನೆ, ಉಪ್ಪಿನಕಾಯಿ ವಾಸನೆ, ಯಾರೋ ವಾಂತಿ ಮಾಡಿದ ಚೀಲದ ವಾಸನೆ ಎಲ್ಲ ಸೇರಿ ಕುದಿಯುತ್ತಿದ್ದವು. ಕಿಟಕಿ ತೆಗೆಯಲು ಬರುವ ಬಸ್ಸೂ ಅಲ್ಲ ಅದು.

ಸುಭಾಸನೇನು ಚೆಂದಾಗಿ ಉಣ್ಣುತ್ತಿದ್ದನೇ? ಅವನೂ ಅಷ್ಟೇ. ಒಮ್ಮೆ ರಾಜೇಶ್ವರಿ ಮೀನಾಳನ್ನು ಕೇಳಿಯೇಬಿಟ್ಟಳು.

"ನಿನಗ ನೋಡಿದ್ರ ಹೇಸಿಗಿ ಬರೂದಿಲ್ಲೇನ?"

"ಬರತೈತ್ರಿ ಅಕ್ಕಾರ, ಯಾಕ ಬರೂದಿಲ್ಲ," ಮೀನಾ ನಕ್ಕಳು. "ಆದ್ರ ನಾ ಏನ ಅವನ ತಾಟಿನಾಗ ಉಣ್ಣಬೇಕಾಗೇತಿ? ಅವನ ಬಾಯಿ, ಅವನ ತಾಟು."

ಮಾತು ಸಣ್ಣದು. ಆದರೆ ರಾಜೇಶ್ವರಿಗೆ ಅಂದೇ ಊರಿನ ಚಿಂತೆ ಹತ್ತಿತು. ಇಲ್ಲಿ ನಾಲ್ಕು ದಿನ ಬಿಳಿ ತಾಟು, ಸರಿ. ಅಲ್ಲಿ ಗುರವ್ವ ಕಾದಿದ್ದಾಳೆ. ಆ ತಾಟನ್ನು ಮತ್ತೆ ಮುಂದೆ ಸರಿಸುತ್ತಾಳೆ. ನೋಡಿದ್ದನ್ನು ನೋಡಲಿಲ್ಲವೆಂದು ಹೇಗೆ ಉಣ್ಣುವುದು? ಉಣ್ಣದಿದ್ದರೆ ಆ ಮನೆಯಲ್ಲಿ ಬಾಳುವುದು ಹೇಗೆ?

ಕೊನೆಯ ಊಟ ವೆನಿಸ್ಸಿನಲ್ಲಿ. ರಸ್ತೆಯ ಬದಲು ನೀರೇ ಹರಿಯುವ ಊರು ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ರಾಜೇಶ್ವರಿಯ ಮೂಗಿಗೆ ಅದು ಕಟ್ಟಿದ ಗಟಾರ. ದೋಣಿಯಲ್ಲಿ ಕೂತವಳು ಸೆರಗನ್ನು ಮೂಗಿನಿಂದ ತೆಗೆಯಲಿಲ್ಲ. ಸಂಜೆ ದೊಡ್ಡ ಹಾಲಿನಲ್ಲಿ ಕಂಪನಿಯವರು ಪಾರ್ಟಿ ಇಟ್ಟರು. ಹುಬ್ಬಳ್ಳಿಯಿಂದ ಬಂದಿದ್ದ ಕಂಪನಿಯ ಸಾಹೇಬ ಎರಡು ಗ್ಲಾಸು ಏರಿಸಿ, ಟೇಬಲ್ಲಿಗೊಬ್ಬರಂತೆ ಗಂಡಂದಿರನ್ನು ಎಬ್ಬಿಸಿ, ನಿಮ್ಮ ಹೆಂಡತಿಯ ವಿಶೇಷ ಹೇಳಿರಿ ಎಂದ. ಒಬ್ಬ ಹೋಳಿಗೆ ಎಂದ, ಇನ್ನೊಬ್ಬ ಹಾಡು ಎಂದ. ವಿರೂಪಾಕ್ಷಪ್ಪನವರು ಎದ್ದು ಎದೆ ಉಬ್ಬಿಸಿದರು.

"ನಮ್ಮ ಮನ್ಯಾಕಿ ಇವತ್ತಿಗೂ ನಾ ಉಂಡ ತಾಟಿನಾಗ ಉಣತಾಳ್ರಿ ಸಾಹೇಬ್ರ. ಇಂಥಾಕಿ ಈ ಬಸ್ಸಿನಾಗ ಒಬ್ಬಾಕಿ ಇದ್ರ ತೋರಸ್ರಿ."

ಹಾಲಿನಲ್ಲಿದ್ದವರೆಲ್ಲ ಹೋ ಎಂದರು. ಸಾಹೇಬ ಚಪ್ಪಾಳೆ ತಟ್ಟಿ, "ಹಂಗಾರ ತೋರಸ್ರಿ, ನಾವೂ ನೋಡೂಣು!" ಎಂದ. ಕ್ಯಾಮೆರಾಗಳು ಹೊರಬಂದವು. ವಿರೂಪಾಕ್ಷಪ್ಪನವರು ಅರ್ಧ ತಿಂದು ಬಿಟ್ಟ ತಮ್ಮ ತಾಟನ್ನು ಹೆಂಡತಿಯ ಮುಂದೆ ಸರಿಸಿದರು. ಸಾರು ಹೆಪ್ಪುಗಟ್ಟಿತ್ತು. ಅಂಚಿನಲ್ಲಿ ಸಾಲಾಗಿ ಮೂರು ಉಂಡೆ.

ಬಡಿಸುವವನು ಏನೋ ತಪ್ಪಾಗಿದೆ ಎಂದುಕೊಂಡು ಧಾವಿಸಿ ಬಂದ. ಎಂಜಲು ತಾಟಿನ ಪಕ್ಕ ಒಂದು ಹೊಸ ತಾಟು ಇಟ್ಟ, ಒರೆಸಿ ಇಟ್ಟ. ವಿರೂಪಾಕ್ಷಪ್ಪನವರು ಅದನ್ನು ಅವನ ಕೈಗೇ ವಾಪಸು ಕೊಟ್ಟು, "ನೋ ನೋ, ಹೆಂಡತಿ, ಹೆಂಡತಿ" ಎಂದರು. ಜನ ನಕ್ಕರು. ಅವನು ನಗಲಿಲ್ಲ. ರಾಜೇಶ್ವರಿಯ ಮುಖ ನೋಡಿ ತಲೆ ತಗ್ಗಿಸಿಕೊಂಡು ಹೋದ.

ಅವಳು ಗಂಡನ ಕಡೆ ನೋಡಿದಳು. ಬೇಡ ಅನ್ನಿ, ಒಂದು ಮಾತು ಅನ್ನಿ ಎಂದು ಕಣ್ಣಲ್ಲೇ ಕೇಳಿದಳು. ಅವರು ಕ್ಯಾಮೆರಾದ ಕಡೆ ನೋಡುತ್ತಿದ್ದರು. ಮನೆಯಲ್ಲಿ ನಾಲ್ಕು ಗೋಡೆಯ ನಡುವೆ ಉಂಡದ್ದು ಒಂದು ತರಹ. ಊರೂರಿನ ಅಂಗಡಿಯವರ ಮುಂದೆ ಆಟದ ಮಂಗನಂತೆ ಉಣ್ಣುವುದು ಇನ್ನೊಂದು ತರಹ. ಒಂದು ತುತ್ತು ಎತ್ತಿ ಬಾಯಿಗಿಟ್ಟಳು. ತಣ್ಣಗಿತ್ತು, ಲೋಳೆಯಾಗಿತ್ತು. ಫೋಟೊ ಹೊಡೆದರು, ಚಪ್ಪಾಳೆ ಬಿತ್ತು. ನುಂಗಿ ಎದ್ದು, ಸೆರಗು ಬಾಯಿಗೊತ್ತಿಕೊಂಡು ಪಾಯಖಾನೆಗೆ ಓಡಿದಳು.

ಮೀನಾ ಬಂದು ಬೆನ್ನು ಸವರುವಷ್ಟರಲ್ಲಿ ಆ ತುತ್ತು, ಮಧ್ಯಾಹ್ನದ ಬ್ರೆಡ್ಡು, ಮುಂಜಾನೆಯ ಚಹಾ ಎಲ್ಲ ಹೊರಗೆ ಬಿದ್ದಿತ್ತು. ಆದರೂ ಓಕರಿಕೆ ನಿಲ್ಲಲಿಲ್ಲ.

"ಅಕ್ಕಾರ, ಇಲ್ಲೀ ಊಟ ಒಗ್ಗಂಗಿಲ್ಲ ನಿಮಗ," ಎಂದಳು ಮೀನಾ.

"ಇಲ್ಲೀದಲ್ಲವಾ ಇದು," ರಾಜೇಶ್ವರಿ ಗೋಡೆ ಹಿಡಿದುಕೊಂಡು ಉಸಿರು ಬಿಟ್ಟಳು. "ಇದು ಭಾಳ ಹಳೇದು."

ಊರಿಗೆ ಬಂದ ದಿನ ಗುರವ್ವ ಒಲೆ ಹೊತ್ತಿಸಿ ಕಾಯುತ್ತಿದ್ದಳು. ಓಣಿಯ ಮಂದಿ ಬಂದರು, ಹೋದರು. ವಿರೂಪಾಕ್ಷಪ್ಪನವರು ವಾಲಿದ ಗೋಪುರವನ್ನು ಕೈ ಓರೆ ಮಾಡಿ ತೋರಿಸಿ, ವೆನಿಸ್ಸಿನ ಚಪ್ಪಾಳೆಯ ಸುದ್ದಿಯನ್ನೂ ಹೇಳಿ ಸುಸ್ತಾದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ರಾಜೇಶ್ವರಿ ರೊಟ್ಟಿ ಬಡಿದಳು. ಎಣ್ಣೆಗಾಯಿ, ಝುಣಕಾ, ಮೊಸರು. ಗಂಡ ಎಂದಿನಂತೆ ದೇವರ ಕೋಣೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕೂತರು. ಅವಳು ಎಂದಿನಂತೆ ಹಿಂದಿನಿಂದ ನೀಡಿದಳು. ಬೆನ್ನಷ್ಟೇ ಕಾಣುತ್ತಿತ್ತು, ಆದರೆ ಈಗ ಆ ಬೆನ್ನಿನ ಆಚೆ ಏನು ನಡೆಯುತ್ತಿದೆ ಎಂಬುದು ಅವಳಿಗೆ ಪೂರಾ ಗೊತ್ತಿತ್ತು. ಸೊರ್ರ್ ಎಂದಾಗ ಬಾಯಿ, ಸುಮ್ಮನಾದಾಗ ನಾಲಿಗೆ, ಬೆರಳು, ಅಂಚು.

"ಸಾಕ," ಎಂದರು ವಿರೂಪಾಕ್ಷಪ್ಪನವರು. ಬಚ್ಚಲಿಗೆ ಹೋಗಲು ಮಂಡಿಯ ಮೇಲೆ ಎಡಗೈ ಊರಿದರು.

ರಾಜೇಶ್ವರಿ ನೀರಿನ ತಂಬಿಗೆ ಹಿಡಿದುಕೊಂಡು ಮುಂದೆ ಬಂದಳು. ಮುಂದೆ, ಅಂದರೆ ಅವರ ಎದುರಿಗೆ. ಆ ಮನೆಯಲ್ಲಿ ಅವಳು ಅಲ್ಲಿ ನಿಂತದ್ದು ಅದೇ ಮೊದಲು. ಕೂತು, ತಂಬಿಗೆ ಬಗ್ಗಿಸಿ, ತಾಟಿನಲ್ಲಿ ನೀರು ಸುರಿದಳು. ಝುಣಕಾ, ಮೊಸರು, ಅಂಚಿನ ಉಂಡೆ ಎಲ್ಲ ತೇಲಿದವು.

"ಕೈ ಇಲ್ಲೇ ತೊಳಕೋರಿ."

ವಿರೂಪಾಕ್ಷಪ್ಪನವರು ತಾಟು ನೋಡಿದರು, ಅವಳನ್ನು ನೋಡಿದರು. ಬಾಗಿಲಲ್ಲಿ ಕೂತಿದ್ದ ಗುರವ್ವ ಎದ್ದೇ ನಿಂತಳು.

"ಏನ ಮಾಡಿದೆವಾ ಇದು? ಇನ್ನ ನೀ ಯಾತರಾಗ ಉಣ್ಣಾಕಿ?"

"ನನ್ನ ತಾಟಿನಾಗರಿ."

"ಊರೂರು ತಿರಗಿ ಹೇಸಿಗಿ ಪಡೂದು ಕಲತ ಬಂದಿ!"

"ಹೇಸಿಗಿ ಮೊದಲಿಂದನೂ ಇತ್ತರಿ ಅತ್ತಿ. ಎದುರಿಗೆ ಕುಂತು ನೋಡಿರಲಿಲ್ಲ, ಅಷ್ಟ."

"ಅಲ್ಲ, ಮೊನ್ನೆ ಅಷ್ಟ ಮಂದಿ ಚಪ್ಪಾಳಿ ಹೊಡದ್ರಲ್ಲ..." ವಿರೂಪಾಕ್ಷಪ್ಪನವರ ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು.

"ಅವರ ಹೊಡದ್ರು. ಉಂಡಾಕಿ ನಾ."

ಅವರು ಏನೋ ಹೇಳಲು ಬಾಯಿ ತೆರೆದರು. ಅವಳು ಆ ಬಾಯಿಯನ್ನೇ ನೋಡುತ್ತ ಕೂತಿದ್ದಳು, ಕಣ್ಣು ತೆಗೆಯಲಿಲ್ಲ. ವಿರೂಪಾಕ್ಷಪ್ಪನವರು ಬಾಯಿ ಮುಚ್ಚಿದರು. ಆ ನೋಟಕ್ಕೆ ಏನು ಅರ್ಥವೋ ಅವರಿಗೆ ಅಷ್ಟಿಷ್ಟಾದರೂ ತಿಳಿದಿರಬೇಕು. ಎಡಗೈಯಿಂದ ತುಟಿ ಒರೆಸಿಕೊಂಡು, ಬಲಗೈಯನ್ನು ತಾಟಿನಲ್ಲಿ ತೊಳೆದು, ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು.

ಗುರವ್ವ ಮತ್ತೆ ಬಾಗಿಲಲ್ಲೇ ಕೂತಳು. ಇನ್ನು ಬೈಗುಳ ಶುರುವಾಗುತ್ತದೆ ಎಂದು ರಾಜೇಶ್ವರಿ ಒಲೆಯ ಕಡೆ ತಿರುಗಿ ಕೂತು, ತನಗೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು.

"ನಿಮ್ಮ ಮಾವ ತಂಬಾಕ ತಿಂತಿದ್ದ," ಎಂದಳು ಗುರವ್ವ. ದನಿ ಸಣ್ಣದಾಗಿತ್ತು. "ತಾಟಿನಾಗೆಲ್ಲ ಅದರ ವಾಸನಿ. ನನಗೂ ಹೇಸಿಗಿ ಬರತಿತ್ತವಾ. ಹಿತ್ತಲಕ ಹೋಗಿ ಕಾರಿಕೊಂಡು ಬಂದು ಮತ್ತ ಉಣತಿದ್ದೆ. ನಮ್ಮತ್ತಿ ನಿಂತ ನೋಡತಿದ್ಲು."

ರಾಜೇಶ್ವರಿ ತಿರುಗಿದಳು. "ಮತ್ತ ಗೊತ್ತಿದ್ದೂ ನನ್ನ ಮುಂದ ಯಾಕ ಸರಿಸಿದ್ರಿ ಅತ್ತಿ?"

ಆ ಪ್ರಶ್ನೆಯೇ ಗುರವ್ವನಿಗೆ ತಿಳಿಯಲಿಲ್ಲ. ಸೊಸೆಯ ಮುಖವನ್ನು ಪಿಳಿಪಿಳಿ ನೋಡಿದಳು.

"ನಾ ಉಂಡಿರಲಿಲ್ಲೇನ?" ಎಂದಳು.

ಪಾಯಖಾನೆಯ ಕಾಗದ, ಗಟಾರದ ನೀರು, ಗಂಡನ ಬಾಯಿ, ಇಷ್ಟು ದಿನ ಕಂಡ ಯಾವುದೂ ಈ ಮಾತಿನಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಆದರೆ ಈ ಸಲ ಕಾರಿಕೊಳ್ಳಲು ಅವಳು ಎದ್ದು ಹೋಗಲಿಲ್ಲ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ತೆಗೆದು, ಗೋಡೆಯ ಮಾಡದಲ್ಲಿ ಅತಿಥಿಗಳಿಗೆಂದು ಇಟ್ಟಿದ್ದ ತಾಟನ್ನು ಇಳಿಸಿ, ಅದರಲ್ಲಿ ಹಾಕಿಕೊಂಡಳು. ಗುರವ್ವನ ಎದುರಿಗೇ ಕೂತು, ಬಿಸಿ ಇರುವಾಗಲೇ ಮುರಿದು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು.